ಎಡಗೈ ಹುಡುಗಿಗೆ ಬಲಗೈ ಪಿಸ್ತೂಲು: ಕೈ ಬದಲಿಸಬೇಕೋ, ಗ್ರಿಪ್ ಬದಲಿಸಬೇಕೋ?

ಪ್ರಶ್ನೆ: ನಮ್ಮದು ಸಿಂಧನೂರು. ಮಗಳಿಗೆ 16 ವರ್ಷ, ಪಿಯುಸಿ ಮೊದಲ ವರ್ಷ. ಎನ್‌ಸಿಸಿ ಕ್ಯಾಂಪಿನಲ್ಲಿ .22 ರೈಫಲ್ ಹೊಡೆದು ಬಂದಾಗಿನಿಂದ ಅವಳಿಗೆ ಶೂಟಿಂಗ್ ಹುಚ್ಚು. ಈಗ 10 ಮೀಟರ್ ಏರ್ ಪಿಸ್ತೂಲು ಕಲಿಯುತ್ತಿದ್ದಾಳೆ. ಅವಳು ಎಡಚಿ. ಕಲಿಸುವ ಕಡೆ ಇರುವ ನಾಲ್ಕೂ ಪಿಸ್ತೂಲು ಬಲಗೈಯವು. "ಬಲಗೈಗೇ ರೂಢಿ ಮಾಡ್ಕೊ, ಮೂರು ತಿಂಗಳಲ್ಲಿ ಸರಿ ಹೋಗುತ್ತೆ" ಎಂದರು. ಎರಡು ತಿಂಗಳಾಯಿತು. ಎಡಗೈಯಲ್ಲಿ ಹಿಡಿದರೆ ಹೆಬ್ಬೆರಳಿನ ಬುಡ ಕೆಂಪಾಗುತ್ತದೆ. ಬಲಗೈಯಲ್ಲಿ ಹಿಡಿದರೆ ಕೈ ನಡುಗುತ್ತದೆ. ಕೈ ಬದಲಿಸುವುದು ಸರಿಯೇ? ಎಡಗೈಯವರ ಪಿಸ್ತೂಲು ಬೇರೆ ಸಿಗುತ್ತದೆಯೇ? ಅದಕ್ಕೆ ಲೈಸೆನ್ಸ್ ಬೇಕೇ? ಇನ್ನೊಂದು ಮಾತು. ನಮ್ಮಣ್ಣನೂ ಎಡಚ. ರಿವಾಲ್ವರ್ ಲೈಸೆನ್ಸ್‌ಗೆ ಅರ್ಜಿ ಹಾಕಿದ್ದಾರೆ. ಅವರಿಗೆ ಯಾವುದು ಹೊಂದುತ್ತದೆ?

ಉತ್ತರ: ಕೈ ಬದಲಿಸಬೇಡಿ. ಗ್ರಿಪ್, ಅಂದರೆ ಪಿಸ್ತೂಲಿನ ಹಿಡಿ, ಬದಲಿಸಿ. ಯಾಕೆ, ಹೇಗೆ ಅನ್ನೋದನ್ನ ನಿಧಾನವಾಗಿ ಹೇಳುತ್ತೇನೆ.

ನಾನೂ ಎಡಚ. ನಮ್ಮ ಕಡೆ ರೊಡ್ಡ ಅಂತಾರೆ, ನಿಮಗೆ ಗೊತ್ತೇ ಇದೆ. ಶಾಲೆಯಲ್ಲಿ ಎಡಗೈಲಿ ಬಳಪ ಹಿಡಿದರೆ ಗೆಣ್ಣಿನ ಮೇಲೆ ಪಟ್ಟಿಯ ಏಟು ಬೀಳುತ್ತಿತ್ತು. ಗುಡಿಯಲ್ಲಿ ಪ್ರಸಾದಕ್ಕೆ ಎಡಗೈ ಚಾಚಿದರೆ ಅಜ್ಜಿ ಅದನ್ನು ಹಿಂದಕ್ಕೆ ತಳ್ಳಿ ಬಲಗೈ ಎಳೆದು ಮುಂದಿಡುತ್ತಿದ್ದಳು. ಹೀಗೆ ಬರೆಯುವ ಕೈ ಬದಲಾಯಿತು, ಉಣ್ಣುವ ಕೈ ಬದಲಾಯಿತು. ಕಲ್ಲು ಎಸೆಯುವ ಕೈ ಮಾತ್ರ ಬದಲಾಗಲಿಲ್ಲ. ಮುಂದೆ ಸೇನೆಯಲ್ಲಿ ಆರ್ಮರರ್ ಆದೆ. ಬಂದೂಕು, ಪಿಸ್ತೂಲು ಬಿಚ್ಚಿ ಜೋಡಿಸುವುದೇ ಕೆಲಸ. ಈಗ ಬಳ್ಳಾರಿಯಲ್ಲಿ ಮಕ್ಕಳಿಗೆ ಏರ್ ಪಿಸ್ತೂಲು ಹೇಳಿಕೊಡುತ್ತೇನೆ. ಹಾಗಾಗಿ ನಿಮ್ಮ ಮಗಳ ಹೆಬ್ಬೆರಳಿನ ನೋವು ನನಗೆ ಓದಿ ತಿಳಿದದ್ದಲ್ಲ, ಪಟ್ಟು ತಿಳಿದದ್ದು.

ಮೊದಲು ಆ ಕೆಂಪು ಗುರುತಿನ ವಿಷಯ. ಸ್ಪರ್ಧೆಯ ಏರ್ ಪಿಸ್ತೂಲಿನ ಮರದ ಹಿಡಿಯನ್ನು ಹತ್ತಿರದಿಂದ ನೋಡಿ. ಅದು ಕೊಡಲಿಯ ಕಾವಿನ ಹಾಗೆ ಎರಡೂ ಕಡೆ ಒಂದೇ ತರ ಇರುವುದಿಲ್ಲ. ಬಲಗೈ ಗ್ರಿಪ್‌ನಲ್ಲಿ ಎಡಪಕ್ಕಕ್ಕೆ ಒಂದು ಸಣ್ಣ ಜಗಲಿ ಇರುತ್ತದೆ. ಹೆಬ್ಬೆರಳು ಅದರ ಮೇಲೆ ಒರಗಬೇಕು. ಬಲಪಕ್ಕಕ್ಕೆ ಅಂಗೈ ತುಂಬುವ ಉಬ್ಬು. ಕೆಳಗೆ, ಬಲಗಡೆಗೇ ಚಾಚಿಕೊಂಡ ಒಂದು ತಟ್ಟೆ. ಕೈಯ ಕಿರುಬೆರಳ ಕಡೆಯ ಅಂಚು ಅದರ ಮೇಲೆ ಕೂರುತ್ತದೆ. ಆ ತಟ್ಟೆಯನ್ನು ಸ್ಕ್ರೂ ಸಡಿಲಿಸಿ ಮೇಲೆ ಕೆಳಗೆ ಸರಿಸಬಹುದು. ಇವು ಮೂರೂ ಸೇರಿ ಕೈಯನ್ನು ಪ್ರತಿ ಸಲ ಒಂದೇ ಜಾಗಕ್ಕೆ ತಂದು ಕೂರಿಸುತ್ತವೆ. ಪಿಸ್ತೂಲು ಶೂಟಿಂಗ್‌ನ ಅರ್ಧ ಗುಟ್ಟು ಇದೇ. ಅರವತ್ತು ಸಲ ಎತ್ತಿದರೂ ಅರವತ್ತು ಸಲವೂ ಹಿಡಿತ ಒಂದೇ ಇರಬೇಕು.

ಇದೇ ಗ್ರಿಪ್ಪನ್ನು ಎಡಗೈಗೆ ಕೊಟ್ಟರೆ ಏನಾಗುತ್ತದೆ? ಹೆಬ್ಬೆರಳಿನ ಜಗಲಿ ನೇರ ಹೋಗಿ ಹೆಬ್ಬೆರಳಿನ ಬುಡದ ಮಾಂಸಕ್ಕೆ ಚುಚ್ಚುತ್ತದೆ. ನಿಮ್ಮ ಮಗಳಿಗೆ ಕೆಂಪಾಗುತ್ತಿರುವುದು ಅಲ್ಲೇ. ಅಂಗೈ ತುಂಬಬೇಕಾದ ಉಬ್ಬು ಬೆರಳ ತುದಿಗಳಿಗೆ ಸಿಗುತ್ತದೆ, ಅಂಗೈ ಟೊಳ್ಳಾಗಿ ಉಳಿಯುತ್ತದೆ. ತಟ್ಟೆ ತಪ್ಪು ಪಕ್ಕಕ್ಕಿರುವುದರಿಂದ ಕೈಯ ಅಂಚಿಗೆ ಆಸರೆಯೇ ಇಲ್ಲ. ಕೈ ಸರಿಯಾಗಿ ಕೂರದಿದ್ದರೆ ತೋರುಬೆರಳು ಟ್ರಿಗರ್‌ಗೆ ನೇರವಾಗಿ ಬರುವುದಿಲ್ಲ, ಓರೆಯಾಗಿ ಬರುತ್ತದೆ. ಓರೆ ಬೆರಳು ಟ್ರಿಗರನ್ನು ಹಿಂದಕ್ಕೆ ಎಳೆಯುವುದರ ಜೊತೆಗೆ ಪಿಸ್ತೂಲನ್ನು ಪಕ್ಕಕ್ಕೂ ತಳ್ಳುತ್ತದೆ. 10 ಮೀಟರ್ ಗುರಿಯ ಹತ್ತರ ವೃತ್ತದ ಅಡ್ಡಳತೆ 11.5 ಮಿಲಿಮೀಟರ್. ನಮ್ಮ ಒಂದು ರೂಪಾಯಿ ನಾಣ್ಯಕ್ಕಿಂತ ತುಂಬಾ ಸಣ್ಣದು. ತುದಿಯಲ್ಲಿ ಕೂದಲೆಳೆಯಷ್ಟು ತಳ್ಳಿದರೂ ಅಲ್ಲಿಂದ ಆಚೆ ಹೋಗುತ್ತದೆ.

ಹಾಗಾಗಿ ಅವಳ ಅಂಕ ನಿಂತುಹೋಗಿದ್ದರೆ ಅದು ಅವಳ ಕೈ ತಪ್ಪಲ್ಲ. ಇದನ್ನು ಅವಳಿಗೆ ದಯವಿಟ್ಟು ಇವತ್ತೇ ಹೇಳಿ. ಎರಡು ತಿಂಗಳು ಒಂದು ಮಗು "ನನ್ನಿಂದ ಆಗ್ತಿಲ್ಲ" ಅಂದುಕೊಂಡಿದ್ದರೆ ಅದು ಸಣ್ಣ ನಷ್ಟವಲ್ಲ. ಬಳ್ಳಾರಿಯ ಜೀನ್ಸ್ ಯೂನಿಟ್‌ಗಳಲ್ಲಿ ಎಡಗೈ ಕಟಿಂಗ್ ಮಾಸ್ಟರ್ ಯಾರಾದರೂ ಸಿಕ್ಕರೆ ಕೇಳಿ. ಬಲಗೈ ಕತ್ತರಿ ಎಡಗೈಗೆ ಬಂದರೆ ಅಲಗು ಗೆರೆಯನ್ನೇ ಮುಚ್ಚಿಬಿಡುತ್ತದೆ, ಬಟ್ಟೆ ಕತ್ತರಿಸುವ ಬದಲು ಮಡಚಿಕೊಳ್ಳುತ್ತದೆ. ಆಗ ಯಾರೂ ಮಾಸ್ಟರ್‌ಗೆ ಕೆಲಸ ಬರಲ್ಲ ಅನ್ನುವುದಿಲ್ಲ, ಬೇರೆ ಕತ್ತರಿ ತರುತ್ತಾರೆ.

ಈಗ ಒಳ್ಳೆಯ ಸುದ್ದಿ. ಎಡಗೈಯವರಿಗೆಂದೇ ಬೇರೆ ಏರ್ ಪಿಸ್ತೂಲು ಹುಡುಕುವ ಅಗತ್ಯ ಹೆಚ್ಚಾಗಿ ಇರುವುದಿಲ್ಲ. ಸ್ಪರ್ಧೆಯ ಏರ್ ಪಿಸ್ತೂಲಿನ ನಳಿಗೆ, ಗಾಳಿ ಸಿಲಿಂಡರ್, ಸೈಟು (ಗುರಿ ಹಿಡಿಯಲು ನೋಡುವ ಭಾಗ) ಎಲ್ಲ ನಡುಗೆರೆಯ ಮೇಲೇ ಕೂತಿರುತ್ತವೆ. ಒಂದು ಸಲಕ್ಕೆ ಒಂದೇ ಪೆಲೆಟ್ (ಸೀಸದ ಪುಟ್ಟ ಗುಂಡು), ಅದನ್ನೂ ಖಾಲಿ ಇರುವ ಕೈಯಿಂದ ಹಾಕುವುದು. ಖಾಲಿ ಕಾಟ್ರಿಜ್ ಹೊರಗೆ ಹಾರುವ ಮಾತೇ ಇಲ್ಲ. ಹಾಗಾಗಿ ಎಡ ಬಲ ಅನ್ನುವ ಭೇದ ಮುಖ್ಯವಾಗಿ ಗ್ರಿಪ್‌ನಲ್ಲೇ ಇದೆ. ಆ ಗ್ರಿಪ್ ಸ್ಕ್ರೂ ಬಿಚ್ಚಿದರೆ ಕೈಗೆ ಬರುತ್ತದೆ. ಸ್ಟೈರ್, ಮೊರಿನಿ, ವಾಲ್ಟರ್, ಫೈನ್‌ವೆರ್ಕ್‌ಬೌ, ಪಾರ್ದಿನಿ ಇವರೆಲ್ಲ ತಮ್ಮ ಪಿಸ್ತೂಲುಗಳಿಗೆ ಎಡಗೈ ಗ್ರಿಪ್ ಮಾಡುತ್ತಾರೆ, ಬೇರೆ ಬೇರೆ ಅಳತೆಯಲ್ಲಿ. ಜರ್ಮನಿಯ ರಿಂಕ್‌ನಂತೆ ಗ್ರಿಪ್ ಮಾತ್ರ ಮಾಡುವವರೂ ಇದ್ದಾರೆ.

ಕಷ್ಟ ಇರುವುದು ಸಿಗುವುದರಲ್ಲಿ. ನಮ್ಮ ಕಡೆ ಎಡಗೈ ಗ್ರಿಪ್ಪನ್ನು ಯಾರೂ ಅಂಗಡಿಯಲ್ಲಿ ತರಿಸಿ ಇಡುವುದಿಲ್ಲ. ಕೊಳ್ಳುವವರು ವರ್ಷಕ್ಕೆ ಒಬ್ಬರೋ ಇಬ್ಬರೋ. ಬೆಂಗಳೂರಿನ ಡೀಲರ್ ಕೂಡ "ಆರ್ಡರ್ ಕೊಡಿ, ಬಂದಾಗ ಹೇಳ್ತೀವಿ" ಅಂತಾರೆ. ಆ "ಬಂದಾಗ" ಅನ್ನೋದು ತಿಂಗಳುಗಟ್ಟಲೆ ಆಗಬಹುದು. ದುಡ್ಡಿನ ಲೆಕ್ಕವೂ ಇದೆ. ಹೊರದೇಶದ ಹೊಸ ಪಿಸ್ತೂಲು ಲಕ್ಷ ರೂಪಾಯಿ ದಾಟುತ್ತದೆ. ಬರೀ ಗ್ರಿಪ್ ತರಿಸಿದರೂ ಹತ್ತು ಸಾವಿರ ದಾಟುತ್ತದೆ.

ಆದ್ದರಿಂದ ನನ್ನ ಸಲಹೆ ಇದು. ಒಳ್ಳೆಯ ಕಂಪನಿಯ ಬಲಗೈ ಪಿಸ್ತೂಲನ್ನೇ ಸೆಕೆಂಡ್ ಹ್ಯಾಂಡ್‌ನಲ್ಲಿ ಹುಡುಕಿ. ಬಲಗೈಯವು ಸಿಗುವುದು ಸುಲಭ. ಎಡಗೈ ಗ್ರಿಪ್ ಮಾತ್ರ ಹೊಸದು ತರಿಸಿ. ಬಿಚ್ಚಿದ ಬಲಗೈ ಗ್ರಿಪ್ಪನ್ನು ಬಟ್ಟೆಯಲ್ಲಿ ಸುತ್ತಿ ಜೋಪಾನವಾಗಿ ಎತ್ತಿಡಿ. ಮುಂದೆ ಮಾರುವಾಗ ಅದು ಜೊತೆಗಿದ್ದರೆ ಕೊಳ್ಳುವವರು ಬೇಗ ಸಿಗುತ್ತಾರೆ. ಸೆಕೆಂಡ್ ಹ್ಯಾಂಡ್ ತಗೊಳ್ಳುವಾಗ ಸಿಲಿಂಡರ್ ಮೇಲಿನ ತಾರೀಖು ನೋಡುವುದನ್ನು ಮರೆಯಬೇಡಿ. ತಯಾರಾಗಿ 10 ವರ್ಷ ಕಳೆದ ಸಿಲಿಂಡರ್ ಬಳಸಬಾರದು. ಅದರೊಳಗೆ 200 ಬಾರ್ ಒತ್ತಡದ ಗಾಳಿ ಇರುತ್ತದೆ. ಏಪ್ರಿಲ್, ಮೇ ಬಿಸಿಲಿನಲ್ಲಿ ಅದನ್ನು ಕಾರಿನೊಳಗೆ ಬಿಟ್ಟು ಸಂತೆಗೆ ಹೋಗುವುದು ಬೇಡವೇ ಬೇಡ. ರಾಯಚೂರು ಬಿಸಿಲು ಎಂಥದ್ದು ಅಂತ ನಿಮಗೆ ನಾನು ಹೇಳಬೇಕಿಲ್ಲ.

ಗ್ರಿಪ್ ಆರ್ಡರ್ ಮಾಡುವಾಗ ಅಂಗೈ ಅಳತೆ ಕೇಳುತ್ತಾರೆ. ಬಿಳಿ ಹಾಳೆಯ ಮೇಲೆ ಕೈ ಚಪ್ಪಟೆ ಇಟ್ಟು ಪೆನ್ಸಿಲ್‌ನಿಂದ ಸುತ್ತ ಗೆರೆ ಎಳೆಯಿರಿ. ನಡುಬೆರಳ ತುದಿಯಿಂದ ಮಣಿಕಟ್ಟಿನ ಗೆರೆಯವರೆಗೆ ಉದ್ದ, ಗೆಣ್ಣುಗಳ ಹತ್ತಿರ ಅಗಲ ಬರೆಯಿರಿ. ಇಲ್ಲಿ ಒಂದು ತಪ್ಪು ಪದೇ ಪದೇ ಆಗುತ್ತದೆ. ಎಡಗೈಯವರು ಎಡಗೈಲಿ ಪೆನ್ಸಿಲ್ ಹಿಡಿದು ಬಲಗೈ ಚಿತ್ರ ಬರೆದು ಕಳಿಸಿಬಿಡುತ್ತಾರೆ! ನಿಮ್ಮ ಮಗಳು ಎಡಗೈ ಇಡಲಿ, ಗೆರೆ ನೀವು ಎಳೆಯಿರಿ. ಎರಡು ಅಳತೆಗಳ ನಡುವೆ ಬಂದರೆ ಸ್ವಲ್ಪ ದೊಡ್ಡದನ್ನೇ ಹೇಳಿ. ಮರವನ್ನು ಕೆರೆದು ಸಣ್ಣ ಮಾಡುವುದು ಸುಲಭ, ಸೇರಿಸುವುದು ಕಷ್ಟ.

ದುಡ್ಡು ಹೊಂದದಿದ್ದರೆ, ಇಲ್ಲವೇ ಅಷ್ಟು ತಿಂಗಳು ಕಾಯಲಾಗದಿದ್ದರೆ, ಇನ್ನೊಂದು ದಾರಿ ಇದೆ. ಬಡಗಿಯಿಂದ ಮಾಡಿಸುವುದು. ನಾನು ಹೀಗೆ ಮಾಡಿಸಿದ್ದೇನೆ.

ಕೆಲವು ವರ್ಷದ ಹಿಂದೆ ನನ್ನ ಹತ್ತಿರ ಕೊಪ್ಪಳದ ಕಡೆಯ ಒಬ್ಬ ಎಡಚ ಹುಡುಗ ಬರುತ್ತಿದ್ದ. ಅವನಿಗೆ ಗ್ರಿಪ್ ತರಿಸುವಷ್ಟು ಅನುಕೂಲ ಇರಲಿಲ್ಲ. ಬಲಗೈ ಗ್ರಿಪ್ಪನ್ನು ಪಿಸ್ತೂಲಿನಿಂದ ಬಿಚ್ಚಿ, ಬರೀ ಗ್ರಿಪ್ಪನ್ನು ಚೀಲದಲ್ಲಿ ಹಾಕಿಕೊಂಡು ಕಿನ್ನಾಳಕ್ಕೆ ಹೋದೆವು. ಗೊಂಬೆ ಮಾಡುವ ಮನೆತನದ ಹಿರಿಯರೊಬ್ಬರು ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. "ಇದ್ರ ಜೋಡಿ ಚಪ್ಲಿ ಬೇಕಲ್ರೀ ನಿಮಗ?" ಅಂದರು. ನನಗೆ ಅದಕ್ಕಿಂತ ಚೆನ್ನಾಗಿ ಹೇಳಲು ಬರುತ್ತಿರಲಿಲ್ಲ. ಆಮೇಲೆ ಮೊಮ್ಮಗಳನ್ನು ಕರೆದು "ಕನ್ನಡಿ ತಗೊಂಡ್ ಬಾರವ್ವಾ" ಅಂದರು. ಗೋಡೆಯ ಕನ್ನಡಿ ಬಂತು. ಗ್ರಿಪ್ಪನ್ನು ಅದರ ಮುಂದಿಟ್ಟು, ಒಳಗೆ ಕಾಣುವುದನ್ನು ನೋಡುತ್ತಾ ಮರದ ಮೇಲೆ ಗೆರೆ ಹಾಕಿದರು. ಕನ್ನಡಿಯೊಳಗೆ ಇದ್ದದ್ದೇ ಎಡಗೈ ಗ್ರಿಪ್. ಗೊಂಬೆಯ ಹಗುರ ಮರ ಇದಕ್ಕೆ ತಡೆಯುವುದಿಲ್ಲ ಅಂತ ಅವರೇ ಹೇಳಿದರು. ಹಳೆಯ ಬಾಗಿಲ ಚೌಕಟ್ಟಿನ ತೇಗದ ತುಂಡು ಹುಡುಕಿ ತಂದರು. ನಲವತ್ತು ವರ್ಷ ಮಳೆ ಬಿಸಿಲು ಕಂಡ ಮರ, ಇನ್ನು ಬಾಗುವುದಿಲ್ಲ.

ಮೇಲುರೂಪ ಎರಡು ದಿನದಲ್ಲಿ ಬಂತು. ಕೈಗೆ ಹೊಂದಿಸುವುದೇ ನಿಜವಾದ ಕೆಲಸ. ಅದಕ್ಕೆ ಅವರು ಕುಂಕುಮ ತರಿಸಿದರು. ಹುಡುಗನ ಅಂಗೈಗೆ ತೆಳ್ಳಗೆ ಕುಂಕುಮ ಹಚ್ಚಿ, ಗ್ರಿಪ್ ಹಿಡಿಯಲು ಹೇಳಿ, ಬಿಡಿಸಿ ನೋಡುವುದು. ಕೆಂಪು ಗಾಢವಾಗಿ ಅಂಟಿದ ಕಡೆ ಮರ ಎತ್ತರವಿದೆ, ಅಲ್ಲಿ ಅರದಿಂದ ಎರಡು ಸಲ ಎಳೆಯುವುದು. ಬಣ್ಣವೇ ಅಂಟದ ಕಡೆ ಟೊಳ್ಳಿದೆ, ಅಲ್ಲಿ ತುಂಬುವುದು. ಗೊಂಬೆಗೆ ಅವರು ಮರದ ಪುಡಿ, ಹುಣಸೆಬೀಜದ ಅಂಟು ಸೇರಿಸಿ ಕಿಟ್ಟ ಮಾಡಿ ತುಂಬುತ್ತಾರೆ. ಕೈ ಬೆವರಿಗೆ ಅದು ನಿಲ್ಲಲಾರದು ಎಂದು ಇಲ್ಲಿ ಅಂಗಡಿಯ ಎಪಾಕ್ಸಿ ಪುಟ್ಟಿ ಬಳಸಿದೆವು. ಹಚ್ಚುವುದು, ಹಿಡಿಯುವುದು, ಕೆರೆಯುವುದು, ಹೀಗೆ ಹನ್ನೆರಡೋ ಹದಿಮೂರೋ ಸಲ ಆಗಿರಬೇಕು. ಕೊನೆಗೆ ಅಂಗೈ ತುಂಬಾ ಒಂದೇ ಸಮ ತೆಳು ಕೆಂಪು ಬಂತು. ಹುಡುಗ ಕಣ್ಣು ಮುಚ್ಚಿ ಗ್ರಿಪ್ ಹಿಡಿದ, ಬಿಟ್ಟ, ಮತ್ತೆ ಹಿಡಿದ. "ತಾನಾಗೇ ಕೂರ್ತೈತ್ರಿ" ಅಂದ. ಆ ಮಾತು ಕೇಳಿದಾಗ ಆದ ಸಂತೋಷ ನನಗೆ ಇವತ್ತಿಗೂ ಹಾಗೇ ಇದೆ.

ನೀವು ಮಾಡಿಸುವುದಾದರೆ ಎರಡು ಎಚ್ಚರ. ಗ್ರಿಪ್‌ನ ಒಳಗೆ ಪಿಸ್ತೂಲಿನ ಲೋಹದ ಭಾಗ ಕೂರುವ ತೋಡು ಮತ್ತು ಸ್ಕ್ರೂ ತೂತು ಇರುತ್ತವಲ್ಲ, ಅವನ್ನು ಕನ್ನಡಿ ನೋಡಿ ತಿರುವಬಾರದು. ಅವು ಮೊದಲು ಹೇಗಿದ್ದವೋ ಹಾಗೇ ಇರಬೇಕು. ತಿರುವಬೇಕಾದದ್ದು ಹೊರಮೈ ಮಾತ್ರ. ಒಳಗಿನ ತೋಡು ಒಂದು ಕೂದಲು ಸಡಿಲವಾದರೂ ಗ್ರಿಪ್ ಅಲುಗುತ್ತದೆ, ಆಗ ಎಲ್ಲ ಶ್ರಮವೂ ವ್ಯರ್ಥ. ಲೋಹದ ಭಾಗಕ್ಕೆ, ಟ್ರಿಗರ್‌ಗೆ ಬಡಗಿ ಕೈ ಹಾಕುವುದೂ ಬೇಡ.

ಎರಡನೆಯದು ನಿಯಮ. ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟದ ನಿಯಮದಂತೆ ಏರ್ ಪಿಸ್ತೂಲು ಪೂರ್ತಿಯಾಗಿ ಒಂದು ಪೆಟ್ಟಿಗೆಯೊಳಗೆ ಹಿಡಿಸಬೇಕು. 420 ಮಿಲಿಮೀಟರ್ ಉದ್ದ, 200 ಎತ್ತರ, 50 ಅಗಲ. ಸ್ಪರ್ಧೆಗೆ ಮುಂಚೆ ಪಿಸ್ತೂಲನ್ನು ನಿಜವಾಗಿಯೂ ಆ ಪೆಟ್ಟಿಗೆಗೆ ಇಳಿಸಿ ನೋಡುತ್ತಾರೆ. ಊರಲ್ಲಿ ಮಾಡಿಸಿದ ಗ್ರಿಪ್ ಸೋಲುವುದು ಆ 50 ಮಿಲಿಮೀಟರ್‌ನಲ್ಲೇ. ಕೈಗೆ ಹಿತವಾಗಿದೆ ಅಂತ ಉಬ್ಬು, ತಟ್ಟೆ, ಜಗಲಿ ಎಲ್ಲ ದಪ್ಪ ಮಾಡಿಬಿಡುತ್ತೇವೆ. ಪೆಟ್ಟಿಗೆಗೆ ಹೋಗುವುದಿಲ್ಲ. ಬಡಗಿಯ ಮುಂದೆ ಮೊದಲೇ 50 ಮಿಲಿಮೀಟರ್ ಅಂತರದಲ್ಲಿ ಎರಡು ಹಲಗೆ ನಿಲ್ಲಿಸಿಬಿಡಿ. ಇನ್ನು, ಗ್ರಿಪ್ ಕೈಯನ್ನು ಸುತ್ತುವರಿಯಬಾರದು. ತಟ್ಟೆಯ ಅಂಚು ಮೇಲಕ್ಕೆ ಬಾಗಿ ಕೈಯನ್ನು ಅಪ್ಪಿಕೊಳ್ಳಬಾರದು. ಹೆಬ್ಬೆರಳು ಮೇಲಕ್ಕೆ ಸಲೀಸಾಗಿ ಏಳಬೇಕು. ಮಣಿಕಟ್ಟಿಗೆ ಯಾವ ಆಸರೆಯೂ ಇರಬಾರದು. ಪಿಸ್ತೂಲಿನ ಒಟ್ಟು ತೂಕ 1500 ಗ್ರಾಂ ಒಳಗಿರಬೇಕು, ಟ್ರಿಗರ್ ಕನಿಷ್ಠ 500 ಗ್ರಾಂ ತೂಕ ಎತ್ತಬೇಕು. ಈ ಎರಡಕ್ಕೂ ಎಡ ಬಲದ ಭೇದವಿಲ್ಲ.

ಕಣ್ಣಿನ ಮಾತು ನೀವು ಕೇಳಿಲ್ಲ, ಆದರೆ ಇವತ್ತಲ್ಲ ನಾಳೆ ಯಾರಾದರೂ ಎತ್ತುತ್ತಾರೆ. ಎಡಗೈಯವರೆಲ್ಲ ಎಡಗಣ್ಣಿನವರಲ್ಲ. ಎರಡೂ ಕೈ ಮುಂದೆ ಚಾಚಿ, ಹೆಬ್ಬೆರಳು ತೋರುಬೆರಳುಗಳ ನಡುವೆ ಸಣ್ಣ ಕಿಂಡಿ ಮಾಡಿ, ದೂರದ ಗಡಿಯಾರವನ್ನು ಅದರೊಳಗಿಂದ ಎರಡೂ ಕಣ್ಣಲ್ಲಿ ನೋಡಲಿ. ಆಮೇಲೆ ಒಂದೊಂದೇ ಕಣ್ಣು ಮುಚ್ಚಲಿ. ಯಾವ ಕಣ್ಣು ತೆರೆದಿದ್ದಾಗ ಗಡಿಯಾರ ಕಿಂಡಿಯಲ್ಲೇ ಇರುತ್ತದೋ ಅದು ಮೇಲುಗಣ್ಣು. ಅದು ಬಲಗಣ್ಣು ಅಂತ ಬಂದರೆ "ನೋಡಿದ್ರಾ, ಬಲಗೈಯೇ ಸರಿ" ಅಂತ ಹೇಳುವವರು ಇರುತ್ತಾರೆ. ಒಪ್ಪಬೇಡಿ. ಆ ಮಾತಿಗೆ ರೈಫಲ್‌ನಲ್ಲಿ ತೂಕ ಇದೆ. ಅಲ್ಲಿ ಕೆನ್ನೆ ಬಂದೂಕಿನ ಹಿಂಬದಿಗೆ ಅಂಟಿರುತ್ತದೆ, ಕಣ್ಣು ಬದಲಿಸಲು ಜಾಗವೇ ಇಲ್ಲ. ಪಿಸ್ತೂಲು ತೋಳಿನ ಉದ್ದದಷ್ಟು ದೂರದಲ್ಲಿರುತ್ತದೆ. ಕತ್ತನ್ನು ಸ್ವಲ್ಪ ತಿರುಗಿಸಿದರೆ, ನಿಲುವನ್ನು ಸ್ವಲ್ಪ ಸರಿಸಿದರೆ ಎಡಗೈ, ಬಲಗಣ್ಣು ಒಂದಾಗುತ್ತವೆ. ಇನ್ನೊಂದು ಕಣ್ಣಿನ ಮುಂದೆ 30 ಮಿಲಿಮೀಟರ್ ಅಗಲದ ಮರೆಪಟ್ಟಿ ಕಟ್ಟಿಕೊಳ್ಳಲು ನಿಯಮದಲ್ಲೇ ಅವಕಾಶವಿದೆ.

ಕಲಿಸುವವರ ಜೊತೆಗೂ ಒಂದು ಮಾತಾಡಿ. ಜಗಳ ಬೇಡ. ಅವರು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ಇರುವ ಪಿಸ್ತೂಲಿನಲ್ಲಿ ಕಲಿಸಬೇಕಲ್ವಾ ಅಂತ ಹೇಳಿದ್ದು. ಆದರೆ ಎಡಗೈಯವರಿಗೆ ಹೇಳಿಕೊಡುವಾಗ ಕೆಲವು ಸಂಗತಿ ತಿರುಗುಮುರುಗಾಗುತ್ತವೆ. ಬಲಗೈ ಕೋಚ್ ಪಕ್ಕದಲ್ಲಿ ನಿಂತು ತೋರಿಸಿದರೆ ಎಡಗೈ ಹುಡುಗಿಗೆ ಗೊಂದಲವಾಗುತ್ತದೆ. ಎದುರು ನಿಂತು ತೋರಿಸಿದರೆ ಕನ್ನಡಿ ನೋಡಿದ ಹಾಗೆ ಸಲೀಸಾಗಿ ಹತ್ತುತ್ತದೆ. (ಎದುರು ನಿಲ್ಲುವುದು ಖಾಲಿ ಕೈಯಲ್ಲಿ ನಿಲುವು ತೋರಿಸುವಾಗ ಮಾತ್ರ. ಪಿಸ್ತೂಲು ಕೈಯಲ್ಲಿದ್ದಾಗ ಯಾರೂ ಅದರ ಮುಂದೆ ನಿಲ್ಲಬಾರದು, ಖಾಲಿ ಇದ್ದರೂ ಸರಿ.)

ರೇಂಜಿನ ಗೋಡೆಗೆ ತೂಗುಹಾಕುವ ತಪ್ಪುಗಳ ಚಿತ್ರಪಟವೂ ಬಲಗೈಯವರದೇ. ಟ್ರಿಗರನ್ನು ಗಕ್ಕನೆ ಎಳೆದರೆ ಬಲಗೈಯವರ ಪೆಲೆಟ್ ಎಡಕ್ಕೆ ಕೆಳಗೆ ಬೀಳುತ್ತದೆ, ಗಡಿಯಾರದಲ್ಲಿ ಏಳು ಗಂಟೆಯ ಕಡೆಗೆ. ಎಡಗೈಯವರದು ಬಲಕ್ಕೆ ಕೆಳಗೆ, ಐದು ಗಂಟೆಯ ಕಡೆಗೆ. ನಿಮ್ಮ ಮಗಳು ಆ ಪಟ ನೋಡಿ ತನ್ನ ತಪ್ಪು ಹುಡುಕಿದರೆ ಇಲ್ಲದ ತಪ್ಪನ್ನು ತಿದ್ದುತ್ತಾ ಕೂರುತ್ತಾಳೆ. ಪಟದ ಫೋಟೋ ತೆಗೆದು ಮೊಬೈಲಿನಲ್ಲೇ ಎಡಬಲ ತಿರುವಿ ಇಟ್ಟುಕೊಳ್ಳಲಿ.

ನಿಲ್ಲುವ ಜಾಗವೂ ಮುಖ್ಯ. ಬಲಗೈಯವರು ಬಲಭುಜ ಗುರಿಯ ಕಡೆ ಮಾಡಿ ನಿಲ್ಲುತ್ತಾರೆ, ಹಾಗಾಗಿ ಮುಖ, ಎದೆ ಎಡಕ್ಕೆ. ಎಡಗೈಯವರ ಎದೆ ಬಲಕ್ಕೆ. ಸಾಲಿನ ನಡುವೆ ಅವಳನ್ನು ನಿಲ್ಲಿಸಿದರೆ ಬಲಪಕ್ಕದವರು, ಅವಳು ಇಬ್ಬರೂ ಎದುರುಬದುರು. ಹೊಸಬರಿಗೆ ಇದು ಬಹಳ ಕಿರಿಕಿರಿ. ಅವಳ ಎತ್ತಿದ ಕೈ ಒಂದು ಕಡೆ, ಎದುರಿನವರ ಉಸಿರು ಇನ್ನೊಂದು ಕಡೆ. ಮೊದಲ ಆರು ತಿಂಗಳು ತೀರಾ ಬಲತುದಿಯ ಜಾಗ ಕೊಡಲು ಕೇಳಿ. ಅಲ್ಲಿ ಅವಳ ಮುಂದೆ ಗೋಡೆ ಮಾತ್ರ. ಆಮೇಲೆ ಬೇಕಂತಲೇ ನಡುವೆ ನಿಲ್ಲಿಸಿ, ಯಾಕೆಂದರೆ ಸ್ಪರ್ಧೆಯಲ್ಲಿ ಜಾಗ ಅವಳ ಇಷ್ಟದ್ದಲ್ಲ.

"ಹಂಗೇರಿಯ ಟಕಾಚ್ ಕೈ ಬದಲಿಸಿ ಒಲಿಂಪಿಕ್ಸ್ ಗೆದ್ದನಲ್ಲ?" ಅಂತ ನನಗೆ ಹಲವರು ಕೇಳಿದ್ದಾರೆ. ನಿಜ. ಕಾರೋಲಿ ಟಕಾಚ್ ಸೈನಿಕ, ಒಳ್ಳೆಯ ಪಿಸ್ತೂಲು ಶೂಟರ್, ಬಲಗೈಯವ. 1938ರಲ್ಲಿ ಗ್ರೆನೇಡ್ ಸಿಡಿದು ಬಲಗೈ ಹಾಳಾಯಿತು. ಯಾರಿಗೂ ಹೇಳದೆ ಎಡಗೈಯಲ್ಲಿ ಅಭ್ಯಾಸ ಮಾಡಿ, 1948ರ ಲಂಡನ್ ಮತ್ತು 1952ರ ಹೆಲ್ಸಿಂಕಿ ಒಲಿಂಪಿಕ್ಸ್ ಎರಡರಲ್ಲೂ ರ‍್ಯಾಪಿಡ್ ಫೈರ್ ಪಿಸ್ತೂಲಿನಲ್ಲಿ ಚಿನ್ನ ಗೆದ್ದ. ನನಗೆ ಆ ಮನುಷ್ಯನ ಮೇಲೆ ಅಪಾರ ಗೌರವ. ಆದರೆ ಅವನು ಕೈ ಬದಲಿಸಿದ್ದು ಇದ್ದ ಕೈ ಹೋಯಿತೆಂದು. ಸೈಟು ಹೊಂದಿಸುವುದು, ಉಸಿರು ಬಿಗಿಹಿಡಿಯುವುದು, ಟ್ರಿಗರ್ ಒತ್ತುವುದು ಎಲ್ಲ ಮೊದಲೇ ಕರಗತವಾಗಿತ್ತು. ನಿಮ್ಮ ಮಗಳ ಒಳ್ಳೆಯ ಕೈ ಅವಳ ಹತ್ತಿರವೇ ಇದೆ. ಇನ್ನೂ ಅಕ್ಷರ ಕಲಿಯುತ್ತಿರುವವಳಿಗೆ ಬರೆಯುವ ಕೈಯನ್ನೂ ಬದಲಿಸು ಅನ್ನುವುದು ಎರಡು ಭಾರ ಒಟ್ಟಿಗೇ ಹೊರಿಸಿದ ಹಾಗೆ.

ಲೈಸೆನ್ಸ್ ವಿಷಯ ಚಿಕ್ಕದು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 4.5 ಮಿಲಿಮೀಟರ್ ಅಂದರೆ .177 ಬೋರಿನ (ಬೋರು ಅಂದರೆ ನಳಿಗೆಯ ಒಳ ಅಡ್ಡಳತೆ), 20 ಜೂಲ್ ಶಕ್ತಿ ಮೀರದ ಏರ್ ಗನ್‌ಗೆ ಲೈಸೆನ್ಸ್ ಬೇಕಿಲ್ಲ. ಸ್ಪರ್ಧೆಯ ಏರ್ ಪಿಸ್ತೂಲು ಆ ಮಿತಿಗಿಂತ ಬಹಳ ಕೆಳಗಿದೆ. ಆದರೂ ಕೊಂಡ ಬಿಲ್ಲು, ತಯಾರಕರ ಕಾಗದ ಪೆಟ್ಟಿಗೆಯಲ್ಲೇ ಇರಲಿ. ಬಸ್ಸಿನಲ್ಲಿ ಒಯ್ಯುವಾಗ ಬೀಗ ಹಾಕಿದ ಪೆಟ್ಟಿಗೆಯಲ್ಲೇ ಒಯ್ಯಿರಿ. ನೋಡುವವರಿಗೆ ಅದು ಪಿಸ್ತೂಲೇ. ಮನೆಯಲ್ಲಿ ಅಥವಾ ಭತ್ತದ ಗೋದಾಮಿನಲ್ಲಿ ಅಭ್ಯಾಸಕ್ಕೆ ಜಾಗ ಮಾಡುವುದಾದರೆ ಹೊಡೆಯುವ ಗೆರೆಯಿಂದ ಗುರಿಗೆ 10 ಮೀಟರ್, ಗುರಿಯ ನಡು ನೆಲದಿಂದ 1.4 ಮೀಟರ್ ಎತ್ತರ. ಹಿಂದೆ ಕಿಟಕಿ ಬಾಗಿಲು ಇಲ್ಲದ ಗಟ್ಟಿ ಗೋಡೆ, ಅದರ ಮುಂದೆ ಪೆಲೆಟ್ ಹಿಡಿಯುವ ಕಬ್ಬಿಣದ ಪೆಟ್ಟಿಗೆ ಇರಬೇಕು. ನಡುವೆ ಯಾರೂ ಹಾಯದಂತೆ ಬಾಗಿಲಿಗೆ ಚಿಲಕ ಹಾಕಿ. ಪೆಲೆಟ್ ಸೀಸದ್ದು. ಮುಟ್ಟಿದ ಮೇಲೆ ಸೋಪಿನಲ್ಲಿ ಕೈ ತೊಳೆದೇ ಊಟ.

ಈಗ ನಿಮ್ಮಣ್ಣನ ಮಾತು. ಎಡಗೈಯವರಿಗೆ ನಿಜವಾದ ತೊಂದರೆ ಇರುವುದು ಈ ಗುಂಡಿನ ಪಿಸ್ತೂಲುಗಳಲ್ಲೇ. ಸೇನೆಯಲ್ಲಿ ನನ್ನ ಕೈಗೆ ಬಂದದ್ದು ಇಷಾಪುರದ 9 ಎಂಎಂ 1ಎ ಪಿಸ್ತೂಲು, ಬ್ರೌನಿಂಗ್ ಹೈ ಪವರ್‌ನ ವಂಶದ್ದು. ಅದರ ಸೇಫ್ಟಿ, ಮ್ಯಾಗಜೀನ್ (ಗುಂಡು ತುಂಬುವ ಡಬ್ಬಿ) ಬಿಡಿಸುವ ಗುಂಡಿ, ಸ್ಲೈಡ್ (ಮೇಲೆ ಹಿಂದೆ ಮುಂದೆ ಸರಿಯುವ ಭಾಗ) ತಡೆ ಮೂರೂ ಎಡಪಕ್ಕಕ್ಕೆ, ಬಲಹೆಬ್ಬೆರಳಿಗೆ ನಿಲುಕುವ ಹಾಗೆ. ಖಾಲಿ ಕಾಟ್ರಿಜ್ ಹಾರುವುದು ಬಲಕ್ಕೆ. ಎಡಗೈಯವನ ಎದೆ ಇರುವುದೂ ಆ ಕಡೆಗೇ. ಒಮ್ಮೆ ಬಿಸಿ ಕಾಟ್ರಿಜ್ ನನ್ನ ಅಂಗಿಯ ಕೊರಳಿನೊಳಗೆ ಬಿದ್ದಿದೆ. ಮ್ಯಾಗಜೀನ್ ಗುಂಡಿಯನ್ನು ನಾನು ತೋರುಬೆರಳಿನಿಂದ ಒತ್ತಲು ಕಲಿತೆ, ಅದು ಕಷ್ಟವಾಗಲಿಲ್ಲ. ಸೇಫ್ಟಿ ಮಾತ್ರ ಕೊನೆಯವರೆಗೂ ಒಗ್ಗಲಿಲ್ಲ. ಈಚಿನ ಕೆಲವು ಪಿಸ್ತೂಲುಗಳಲ್ಲಿ ಇದನ್ನು ಸರಿಮಾಡಿದ್ದಾರೆ. ಗ್ಲಾಕ್‌ನ ನಾಲ್ಕನೇ ಪೀಳಿಗೆಯಿಂದ ಮ್ಯಾಗಜೀನ್ ಗುಂಡಿಯನ್ನು ಬಲಕ್ಕೆ ಬದಲಿಸಿಕೊಳ್ಳಬಹುದು, ಐದನೆಯದರಲ್ಲಿ ಸ್ಲೈಡ್ ತಡೆ ಎರಡೂ ಕಡೆ ಇದೆ. ಆದರೆ 9 ಎಂಎಂ ನಮ್ಮಲ್ಲಿ ಸಾಮಾನ್ಯ ಲೈಸೆನ್ಸ್‌ದಾರರಿಗೆ ನಿಷೇಧಿತ ಬೋರು. ಹಾಗಾಗಿ ಅದು ನಿಮ್ಮಣ್ಣನಿಗೆ ಉಪಯೋಗವಿಲ್ಲ.

ಅವರಿಗೆ ಉಳಿಯುವುದು ನಮ್ಮ ಕಾರ್ಖಾನೆಗಳ .32 ಬೋರು. ಅದರಲ್ಲಿ ಪಿಸ್ತೂಲಿಗಿಂತ ರಿವಾಲ್ವರ್ ಎಡಗೈಗೆ ಜಾಸ್ತಿ ಹೊಂದುತ್ತದೆ ಅನ್ನುವುದು ನನ್ನ ಅನುಭವ. ಟ್ರಿಗರ್ ನಡುವೆ, ಹ್ಯಾಮರ್ ನಡುವೆ, ಕಾಟ್ರಿಜ್ ಮುಖದ ಕಡೆ ಹಾರುವುದಿಲ್ಲ. ತೊಂದರೆ ತುಂಬುವಾಗ, ಖಾಲಿ ಮಾಡುವಾಗ. ಪಕ್ಕಕ್ಕೆ ತೆರೆಯುವ ರಿವಾಲ್ವರಿನ ಗುಂಡುಗಾಲಿ (ಗುಂಡು ತುಂಬುವ, ತಿರುಗುವ ಉರುಳೆ) ಎಡಕ್ಕೇ ಹೊರಳುತ್ತದೆ, ಅದರ ಕೊಂಡಿಯೂ ಎಡಕ್ಕೆ. ವೆಬ್ಲಿ ಮಾದರಿಯ, ನಡುವೆ ಮಡಚಿ ತೆರೆಯುವ ರಿವಾಲ್ವರಿನಲ್ಲಿ ಗುಂಡುಗಾಲಿಗೆ ಎಡ ಬಲ ಇಲ್ಲ, ಕೊಂಡಿ ಮಾತ್ರ ಎಡಕ್ಕಿದೆ. ಅದನ್ನು ಎಡಗೈ ತೋರುಬೆರಳಿನಿಂದ ಒತ್ತಬಹುದು. ಮಡಚಿ ತೆರೆಯುವುದು ಸಿಕ್ಕರೆ ಅವರು ಅದನ್ನೇ ಮೊದಲು ಕೈಗೆ ತೆಗೆದುಕೊಂಡು ನೋಡಲಿ.

ಅಂಗಡಿಯಲ್ಲಿ, ಖಾಲಿ ಇದೆ ಎಂದು ತೆರೆದು ನೋಡಿದ ಮೇಲೆ, ನೆಲದ ಕಡೆಗೆ ತುದಿ ಮಾಡಿ ಎಡಗೈಯಲ್ಲೇ ತೆರೆಯುವುದು, ಮುಚ್ಚುವುದು ಇಪ್ಪತ್ತು ಸಲ ಮಾಡಲಿ. ನೋಡಬೇಕಾದದ್ದು ಒಂದೇ. ಕೊಂಡಿಗೆ ಬೆರಳು ನಿಲುಕಿಸಲು ಹೋದಾಗ ರಿವಾಲ್ವರಿನ ಮೂತಿ ಪಕ್ಕಕ್ಕೆ ತಿರುಗುತ್ತದೆಯೇ? ತಿರುಗಿದರೆ ಅದು ಅವರಿಗೆ ಬೇಡ, ಎಷ್ಟೇ ಚೆಂದ ಇದ್ದರೂ, ಎಷ್ಟೇ ಅಗ್ಗವಾಗಿ ಸಿಕ್ಕರೂ ಬೇಡ. ಎಡಗೈಯವರ ಕಡೆಯಿಂದ ಆಗುವ ಅನಾಹುತಗಳಿಗೆ ನಾನು ಕಂಡ ಕಾರಣ ಇದೇ. ಗುಂಡಿ ಹುಡುಕುತ್ತಾ ಕೈ ತಿರುಗುತ್ತದೆ, ಪಕ್ಕದಲ್ಲಿ ಮನುಷ್ಯ ನಿಂತಿರುತ್ತಾನೆ.

ಮತ್ತೆ ನಿಮ್ಮ ಮಗಳ ಹತ್ತಿರ ಬರುತ್ತೇನೆ. ಗ್ರಿಪ್ ಕೈಗೆ ಬರುವವರೆಗೆ ಆ ಬಲಗೈ ಗ್ರಿಪ್ಪಿನಲ್ಲಿ ಪೆಲೆಟ್ ಹೊಡೆಯುವುದನ್ನು ನಿಲ್ಲಿಸಲಿ. ತಪ್ಪು ಹಿಡಿತ ಒಮ್ಮೆ ಕೈಗೆ ಹತ್ತಿದರೆ ಬಿಡಿಸುವುದು ಕಷ್ಟ. ಅದರ ಬದಲು ಒಂದು ಲೀಟರ್ ನೀರಿನ ಬಾಟಲಿ ತುಂಬಿಸಿಕೊಳ್ಳಲಿ. ತೂಕ ಹೆಚ್ಚೂ ಕಡಿಮೆ ಪಿಸ್ತೂಲಿನಷ್ಟೇ. ಬಿಳಿ ಗೋಡೆಯ ಮುಂದೆ ಎಡಭುಜ ಮುಂದೆ ಮಾಡಿ ನಿಂತು, ಎಡಗೈಯಲ್ಲಿ ಬಾಟಲಿಯ ಕೊರಳು ಹಿಡಿದು ಕಣ್ಣಿನ ಮಟ್ಟಕ್ಕೆ ಎತ್ತಿ, ಹತ್ತು ಎಣಿಸಿ ಇಳಿಸಲಿ. ಒಂದು ನಿಮಿಷ ಬಿಡುವು. ಬೆಳಿಗ್ಗೆ ಹದಿನೈದು ಸಲ, ಸಂಜೆ ಹದಿನೈದು ಸಲ. ಹೆಬ್ಬೆರಳಿನ ಕೆಂಪು ಆರುವಷ್ಟರಲ್ಲಿ ಭುಜಕ್ಕೆ ಬಲ ಬಂದಿರುತ್ತದೆ. ಕೈ ಚಿತ್ರ ಬರೆದಾದ ಮೇಲೆ ಅಳತೆಯ ಬಗ್ಗೆ ಅನುಮಾನ ಇದ್ದರೆ ಮತ್ತೆ ಬರೆಯಿರಿ.